ಎರಡನೆಯ ಮೇಷ್ಟರು ಬರುವುದು ಯಾವ ದಿನ?

ಅಂಗವೈಕಲ್ಯವಿರುವ ಹತ್ತು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು. 2025ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶದ ಸುದ್ದಿಯಲ್ಲಿ ಹೆಚ್ಚಿನವರ ನೆನಪಿನಲ್ಲಿ ಉಳಿದದ್ದು ಇದೊಂದೇ ಮಾತು. ಅದರ ಬೆನ್ನಿಗೇ ಪ್ರಶ್ನೆಗಳು ಎದ್ದಿವೆ. ನಮ್ಮೂರ ಸರ್ಕಾರಿ ಶಾಲೆಗೂ ಒಬ್ಬರು ಹೊಸ ಶಿಕ್ಷಕರು ಬರುತ್ತಾರೆಯೇ? ಬಂದರೆ ಅವರು ಅಂಗವೈಕಲ್ಯವಿರುವ ಮಗುವಿಗಷ್ಟೇ ಕಲಿಸುತ್ತಾರೋ, ಇಡೀ ತರಗತಿಗೋ? ವಿಶೇಷ ಶಾಲೆಗಳನ್ನು ಮುಚ್ಚುತ್ತಾರೆಯೇ? ಸ್ಮಾರ್ಟ್ ಕ್ಲಾಸ್, ಟ್ಯಾಬ್ ಎಲ್ಲ ಬಂದಿರುವಾಗ ಇನ್ನೊಬ್ಬ ಮೇಷ್ಟರ ಅಗತ್ಯವಾದರೂ ಏನು?

ಮೂರನೆಯ ಪ್ರಶ್ನೆಗೆ ಉತ್ತರ ಸುಲಭ: ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗು ನೆರೆಹೊರೆಯ ಶಾಲೆಯಲ್ಲಾದರೂ ಓದಬಹುದು, ವಿಶೇಷ ಶಾಲೆಯಲ್ಲಾದರೂ ಓದಬಹುದು. ಆಯ್ಕೆ ಮಗುವಿನದು ಮತ್ತು ಮನೆಯವರದು. ಉಳಿದ ಪ್ರಶ್ನೆಗಳಿಗೆ ಒಂದೇ ಮಾತಿನ ಉತ್ತರವಿಲ್ಲ.

ಆದೇಶ ಬಂದ ದಾರಿ

1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿತು. ಡಿಸ್ಲೆಕ್ಸಿಯಾದಂತಹ ನಿರ್ದಿಷ್ಟ ಕಲಿಕಾ ನ್ಯೂನತೆ ಮತ್ತು ಆಟಿಸಂ ಈ ಪಟ್ಟಿಗೆ ಸೇರಿದ್ದು ಆಗಲೇ. ಹಕ್ಕು ಸಿಕ್ಕಿತು, ಆದರೆ ಕಲಿಸುವವರ ಸಂಖ್ಯೆಯನ್ನು ಯಾರೂ ನಿಗದಿ ಮಾಡಿರಲಿಲ್ಲ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಬಂದ ಸುಪ್ರೀಂ ಕೋರ್ಟಿನ ತೀರ್ಪು ಆ ಕೊರತೆಗೆ ಕೈಹಾಕಿತು. ಪ್ರಾಥಮಿಕ ಹಂತದಲ್ಲಿ ಅಂಗವೈಕಲ್ಯವಿರುವ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕ ಮತ್ತು ಪ್ರೌಢ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಎಂಬ ಅನುಪಾತ ಅಲ್ಲಿಂದ ಬಂದದ್ದು. 2022ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೆ ಇದನ್ನು ಸೇರಿಸಿತು.

ಹುದ್ದೆಗಳು ಮಾತ್ರ ಸೃಷ್ಟಿಯಾಗಲಿಲ್ಲ. ಹಲವು ರಾಜ್ಯಗಳಲ್ಲಿ ಗುತ್ತಿಗೆಯ ಮೇಲೆ ಬಂದವರು ವರ್ಷಗಟ್ಟಲೆ ಗುತ್ತಿಗೆಯಲ್ಲೇ ಉಳಿದಿದ್ದರು. ಹೀಗಾಗಿ 2025ರಲ್ಲಿ ನ್ಯಾಯಾಲಯ ಮತ್ತೊಮ್ಮೆ ರಾಜ್ಯಗಳನ್ನು ತರಾಟೆಗೆ ತೆಗೆದುಕೊಂಡು, ಹುದ್ದೆಗಳ ಸಂಖ್ಯೆಯನ್ನು ಪ್ರಕಟಿಸಿ ನೇಮಕಾತಿ ಶುರುಮಾಡಿ ಎಂದಿತು. ಈಗಾಗಲೇ ದುಡಿಯುತ್ತಿರುವವರ ಅರ್ಹತೆಯನ್ನು ಪರಿಶೀಲಿಸಲು ಸಮಿತಿ ರಚಿಸಬೇಕೆಂದೂ ಹೇಳಿತು. ಪ್ರತಿ ಶಾಲೆಗೂ ಒಬ್ಬರು ಎಂಬ ಮಾತು ಈ ಆದೇಶದಲ್ಲಿಲ್ಲ. ಅನುಪಾತ ಹೊಂದಿಕೊಂಡಿರುವುದು ಮಕ್ಕಳ ಸಂಖ್ಯೆಗೆ. ಗೊಂದಲ ಹುಟ್ಟುವುದು ಇಲ್ಲೇ.

ಕಾಗದದ ಮೇಲಿನ ಹತ್ತು, ದಾರಿಯ ಮೇಲಿನ ಹತ್ತು

ಮೈಸೂರು ನಗರದ ದೊಡ್ಡ ಶಾಲೆಯೊಂದರಲ್ಲಿ ಅಂಗವೈಕಲ್ಯವಿರುವ ಹತ್ತು ಮಕ್ಕಳು ಒಂದೇ ಕಟ್ಟಡದಲ್ಲಿ ಸಿಗಬಹುದು. ನಾಗಮಂಗಲದ ಅಥವಾ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಯಲ್ಲಿ ಒಂದೋ ಎರಡೋ ಇದ್ದಾರು. ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಆರು ಶಾಲೆಗಳಲ್ಲಿ ಇಂತಹ ಹತ್ತು ಮಕ್ಕಳು ಹರಡಿಕೊಂಡಿದ್ದಾರೆ ಎಂದುಕೊಳ್ಳೋಣ. ಅವರಿಗೆಲ್ಲ ಒಬ್ಬರೇ ವಿಶೇಷ ಶಿಕ್ಷಕರು. ವಾರಕ್ಕೆ ಆರು ದಿನ, ಆರು ಶಾಲೆ: ಒಂದು ಶಾಲೆಗೆ ಒಂದು ದಿನ. ಶನಿವಾರದ ಶಾಲೆಗೆ ಬೆಳಗಿನ ಅರ್ಧ ದಿನವಷ್ಟೇ. ಆ ಶಾಲೆಯ ಇಬ್ಬರು ಮಕ್ಕಳು ಬೇರೆ ಬೇರೆ ತರಗತಿಯಲ್ಲಿದ್ದರೆ ಆ ಒಂದು ದಿನವೂ ಇಬ್ಭಾಗ. ಹೊಸ ಹುದ್ದೆಗಳೆಲ್ಲ ಭರ್ತಿಯಾದರೂ ಹಳ್ಳಿಯ ಮಗುವಿನ ವಾರದಲ್ಲಿ ಐದು ದಿನ ಒಬ್ಬರೇ ಮೇಷ್ಟರು.

ನ್ಯಾಯಾಲಯಕ್ಕೂ ಇದು ಗೊತ್ತಿತ್ತು. ಸಾಕಷ್ಟು ವಿಶೇಷ ಶಿಕ್ಷಕರು ಸಿಗುವವರೆಗೆ ಇರುವವರನ್ನೇ ಹತ್ತಿರದ ಶಾಲೆಗಳ ನಡುವೆ ಹಂಚಿಕೊಳ್ಳಿ, ಉಳಿದ ಶಿಕ್ಷಕರಿಗೆ ಕಡ್ಡಾಯ ತರಬೇತಿ ಕೊಡಿ ಎಂದು 2021ರ ತೀರ್ಪೇ ಹೇಳಿತ್ತು. ನಮ್ಮಲ್ಲಿ ಈ ಸಂಚಾರಿ ಕೆಲಸವನ್ನು ಈಗ ಹೊತ್ತಿರುವವರು ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿ.ಐ.ಇ.ಆರ್.ಟಿ.ಗಳು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ, ವೈದ್ಯಕೀಯ ಮೌಲ್ಯಾಂಕನ ಶಿಬಿರ, ಸಾಧನ ಸಲಕರಣೆಗಳ ವಿತರಣೆ, ಭತ್ಯೆಯ ಕಡತ, ಎಲ್ಲಕ್ಕೂ ಅವರೇ. ಹೀಗಿರುವಾಗ ಅವರು ಶಾಲೆಗೆ ಬಂದ ದಿನ ತರಗತಿಯೊಳಗೆ ನಿಂತು ಪಾಠ ಮಾಡುವುದಕ್ಕಿಂತ, ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ದಾಖಲೆ ನೋಡಿ ಹೊರಡುವುದೇ ಹೆಚ್ಚಾದರೆ ಆಶ್ಚರ್ಯವಿಲ್ಲ.

ಇಬ್ಬರು ನಿಂತ ಮಾತ್ರಕ್ಕೆ ಸಹಬೋಧನೆಯಲ್ಲ

ಸಹಬೋಧನೆ ಎಂದರೆ ವಿಷಯ ಗೊತ್ತಿರುವ ತರಗತಿ ಶಿಕ್ಷಕರು ಮತ್ತು ಮಗುವಿನ ಅಗತ್ಯ ಗೊತ್ತಿರುವ ವಿಶೇಷ ಶಿಕ್ಷಕರು ಒಂದೇ ಪಾಠವನ್ನು ಸೇರಿ ಯೋಜಿಸಿ, ಸೇರಿ ಕಲಿಸಿ, ಸೇರಿ ಮೌಲ್ಯಮಾಪನ ಮಾಡುವುದು. ಈ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಅಂಗವೈಕಲ್ಯವಿರುವ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಬೇಕೆಂದು ಅಲ್ಲಿ 1975ರಲ್ಲಿ ಕಾನೂನು ಬಂದಿತು. ಆ ಮೇಲೆ ಮೆರಿಲಿನ್ ಫ್ರೆಂಡ್ ಮತ್ತು ಲಿನ್ ಕುಕ್ ಎಂಬ ಶಿಕ್ಷಣ ತಜ್ಞೆಯರು ಇಬ್ಬರು ಶಿಕ್ಷಕರು ಕೆಲಸ ಹಂಚಿಕೊಳ್ಳುವ ಬಗೆಗಳನ್ನು ವಿಂಗಡಿಸಿದರು. ಒಬ್ಬರು ಕಲಿಸುವಾಗ ಇನ್ನೊಬ್ಬರು ಮಕ್ಕಳನ್ನು ಗಮನಿಸುವುದು, ತರಗತಿಯನ್ನು ಎರಡಾಗಿ ಒಡೆದು ಒಂದೇ ಪಾಠವನ್ನು ಇಬ್ಬರೂ ಮಾಡುವುದು, ಗುಂಪುಗಳು ಒಬ್ಬ ಶಿಕ್ಷಕರಿಂದ ಇನ್ನೊಬ್ಬರ ಬಳಿಗೆ ಸರದಿಯಂತೆ ಸಾಗುವುದು, ಹೀಗೆ.

ಅಲ್ಲಿನ ಅನುಭವದಲ್ಲಿ ಎಚ್ಚರಿಕೆಯೂ ಇದೆ. 32 ಗುಣಾತ್ಮಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರು 2007ರಲ್ಲಿ ಒಂದು ಅಂಶವನ್ನು ಮುಂದಿಟ್ಟರು. ಎಲ್ಲ ಬಗೆಗಳೂ ಪುಸ್ತಕದಲ್ಲಿದ್ದರೂ ತರಗತಿಯಲ್ಲಿ ಎದ್ದು ಕಾಣುತ್ತಿದ್ದುದು ಒಂದೇ: ಒಬ್ಬರು ಪಾಠ ಮಾಡುವುದು, ಇನ್ನೊಬ್ಬರು ಬೆಂಚುಗಳ ನಡುವೆ ಓಡಾಡಿ ನೆರವಾಗುವುದು. ವಿಶೇಷ ಶಿಕ್ಷಕರು ಸಹಾಯಕರ ಸ್ಥಾನಕ್ಕೆ ಇಳಿದಿದ್ದರು. ಸೇರಿ ಯೋಜಿಸಲು ಸಮಯವಿಲ್ಲ ಎಂಬ ದೂರು ಮತ್ತೆ ಮತ್ತೆ ಕೇಳಿಬಂದಿತ್ತು. ಇಲ್ಲಿ ಕಾರ್ಯಕಾರಣ ಸಂಬಂಧ ನೇರವಾಗಿದೆ. ನಾಳೆಯ ಪಾಠ ಯಾವುದೆಂದು ಗೊತ್ತಿಲ್ಲದೆ ತರಗತಿಗೆ ಕಾಲಿಟ್ಟವರು ಪಾಠ ಮಾಡಲಾರರು. ಮಗುವಿನ ಪಕ್ಕ ಕುಳಿತು ಪೆನ್ಸಿಲ್ ಹಿಡಿಸಿಯಾರು, ಅಷ್ಟೇ. ಪೆನ್ಸಿಲ್ ಹಿಡಿಸುವವರು ಪಕ್ಕದಲ್ಲಿದ್ದಾರೆ ಎಂದಾದಾಗ ತರಗತಿ ಶಿಕ್ಷಕರ ಕಣ್ಣು ಆ ಮಗುವಿನತ್ತ ಹೊರಳುವುದೇ ಕಡಿಮೆಯಾಗುತ್ತದೆ. ಒಂದೇ ಕೊಠಡಿಯೊಳಗೆ ಹೀಗೆ ಎರಡು ಶಾಲೆಗಳಾಗುತ್ತವೆ.

ಕೋಟೆಯ ತಟ್ಟೆಗಳು

ಇಬ್ಬರು ಶಿಕ್ಷಕರು ಹೊಂದಿಕೊಂಡು ಕಲಿಸಬಲ್ಲ ತರಗತಿಯ ರೂಪ ನಮಗೆ ಅಪರಿಚಿತವೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ತಾಲ್ಲೂಕಿನ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ, ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಕೂರುತ್ತಾರೆ. ಮೊದಲ ತಟ್ಟೆಗೆ ಶಿಕ್ಷಕರ ಪೂರ್ಣ ಬೆಂಬಲ, ಎರಡನೆಯದಕ್ಕೆ ಭಾಗಶಃ ಬೆಂಬಲ, ಮೂರು ಮತ್ತು ನಾಲ್ಕರಲ್ಲಿ ಗೆಳೆಯರ ಬೆಂಬಲ, ಐದರಲ್ಲಿ ಸ್ವಕಲಿಕೆ. ಪ್ರತಿ ಮಗುವೂ ಕಲಿಕೆಯ ಹಂತಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ತಾನೇ ನೋಡಿ, ಕಾರ್ಡ್ ಎತ್ತಿಕೊಂಡು, ಆ ಕಾರ್ಡಿಗೆ ಸೇರಿದ ತಟ್ಟೆಗೆ ಹೋಗುತ್ತದೆ. ಎಲ್ಲರೂ ಒಂದೇ ದಿನ ಒಂದೇ ಪುಟದಲ್ಲಿರಬೇಕೆಂಬ ಹಟ ಈ ಪದ್ಧತಿಯಲ್ಲಿ ಇಲ್ಲವೇ ಇಲ್ಲ.

ಇಂತಹ ಕೊಠಡಿಗೆ ಎರಡನೆಯ ಶಿಕ್ಷಕರು ಬಂದರೆ ಅವರಿಗೆ ಕೂರಲು ಜಾಗ ಹುಡುಕಬೇಕಾಗಿಲ್ಲ, ಎರಡನೆಯ ತಟ್ಟೆ ಕಾಯುತ್ತಿರುತ್ತದೆ. ಅಲ್ಲಿ ಮಂದದೃಷ್ಟಿಯ ಮಗುವಿನ ಜೊತೆ ಇನ್ನೂ ನಾಲ್ವರು ಇರುವುದರಿಂದ ಮಗುವಿಗೆ 'ಸ್ಪೆಷಲ್' ಎಂಬ ಹಣೆಪಟ್ಟಿಯೂ ಅಂಟುವುದಿಲ್ಲ. ಮಾರನೆಯ ವಾರ ತರಗತಿ ಶಿಕ್ಷಕರು ಆ ತಟ್ಟೆಯಲ್ಲಿ, ವಿಶೇಷ ಶಿಕ್ಷಕರು ಮೊದಲನೆಯದರಲ್ಲಿ ಕೂತರೂ ನಡೆಯುತ್ತದೆ. ಆದರೆ ನಲಿ-ಕಲಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಮಗು ಮತ್ತೆ ಸಾಲು, ಕಪ್ಪು ಹಲಗೆ, 'ಪುಟ ತೆಗೆಯಿರಿ' ಎಂಬ ಕ್ರಮಕ್ಕೆ ಬೀಳುತ್ತದೆ. ವಿಶೇಷ ಶಿಕ್ಷಕರು ಹಿಂದಿನ ಬೆಂಚಿಗೆ ಸರಿಯುವ ಅಪಾಯ ಶುರುವಾಗುವುದೂ ಅಲ್ಲೇ.

ಸಾಧನ ಕೈಕೊಡುವ ಜಾಗ

ಇನ್ನು ತಂತ್ರಜ್ಞಾನ. ಇಲ್ಲಿ ಎರಡು ಉದಾಹರಣೆಗಳನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ಮೊದಲನೆಯದು ಶ್ರವಣ ಸಾಧನ. ಶಿಬಿರದಲ್ಲಿ ಮಗುವಿಗೆ ಅದು ಸಿಕ್ಕಿತು, ಇನ್ನು ಕೇಳಿಸುತ್ತದೆ ಎಂಬ ನಂಬಿಕೆ ಸಾಮಾನ್ಯ. ಆದರೆ ಅದು ಮೇಷ್ಟರ ದನಿಯ ಜೊತೆಗೆ ಫ್ಯಾನಿನ ಗರಗರ, ಪಕ್ಕದ ಕೊಠಡಿಯ ಮಗ್ಗಿ, ಬೆಂಚು ಎಳೆಯುವ ಸದ್ದನ್ನೂ ಹೆಚ್ಚಿಸುತ್ತದೆ. ಮಾತು ಸ್ಪಷ್ಟವಾಗಿ ಸಿಗುವುದು ಒಂದೆರಡು ಮೀಟರ್ ದೂರದೊಳಗೆ ಮಾತ್ರ. ಮೇಷ್ಟರು ಹಲಗೆಯತ್ತ ತಿರುಗಿ ಬರೆಯುತ್ತಲೇ ವಿವರಿಸಿದರೆ ತುಟಿಯೂ ಕಾಣದು, ದನಿಯೂ ಗೋಡೆಗೆ ಬಡಿದು ಬರುತ್ತದೆ. ಶಿಕ್ಷಕರ ಕೊರಳಿಗೆ ಪುಟ್ಟ ಮೈಕ್ ಹಾಕಿ ದನಿಯನ್ನು ನೇರವಾಗಿ ಸಾಧನಕ್ಕೆ ತಲುಪಿಸುವ ವ್ಯವಸ್ಥೆಗಳಿವೆ. ಅವು ದುಬಾರಿ. ಖರ್ಚಿಲ್ಲದ ಉಪಾಯಗಳೂ ಇವೆ: ಮಗುವನ್ನು ಮುಂದೆ ಕೂರಿಸುವುದು, ಬರೆದು ಮುಗಿಸಿ ತಿರುಗಿ ಮಾತನಾಡುವುದು, ಇನ್ನೊಬ್ಬ ಹುಡುಗ ಹಿಂದಿನಿಂದ ಉತ್ತರ ಹೇಳಿದಾಗ ಅದನ್ನು ಮತ್ತೊಮ್ಮೆ ಹೇಳುವುದು. ಇವನ್ನು ತರಗತಿ ಶಿಕ್ಷಕರಿಗೆ ಹೇಳಿಕೊಡುವುದು, ಸಾಧನದ ಸೆಲ್ ಮುಗಿದು ಮಗು ಸುಮ್ಮನೆ ತಲೆಯಾಡಿಸುತ್ತಿದೆ ಎಂದು ಗುರುತಿಸುವುದು ವಿಶೇಷ ಶಿಕ್ಷಕರ ಕೆಲಸ. ಸೆಲ್ ಮುಗಿದಿದೆ ಎಂದು ಸಾಧನ ಮೇಷ್ಟರಿಗೆ ಹೇಳುವುದಿಲ್ಲ. ಆರು ವರ್ಷದ ಮಗುವೂ ಹೇಳುವುದು ಕಷ್ಟ.

ಎರಡನೆಯದು ಕನ್ನಡಕ್ಕೇ ವಿಶಿಷ್ಟವಾದ ತಲೆನೋವು. ದೃಷ್ಟಿದೋಷವಿರುವ ಮಕ್ಕಳಿಗೆ ಪಠ್ಯವನ್ನು ಓದಿ ಹೇಳುವ ಎನ್‌ವಿಡಿಎಯಂತಹ ಉಚಿತ ತಂತ್ರಾಂಶಗಳಿವೆ, ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಇದೆ. ಎರಡಕ್ಕೂ ಕನ್ನಡ ಓದಲು ಬರುತ್ತದೆ, ಪಠ್ಯ ಯೂನಿಕೋಡ್‌ನಲ್ಲಿದ್ದರೆ, ಅಂದರೆ ಕನ್ನಡ ಅಕ್ಷರವನ್ನು ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಸಂಕೇತದಲ್ಲಿದ್ದರೆ. ಆದರೆ ಶಾಲೆಗಳಲ್ಲಿ ಓಡಾಡುವ ಎಷ್ಟೋ ಪ್ರಶ್ನೆಪತ್ರಿಕೆ, ಟಿಪ್ಪಣಿಗಳು ಇಂದಿಗೂ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದವು. ಅಲ್ಲಿ ಪರದೆಯ ಮೇಲೆ 'ಕನ್ನಡ' ಎಂದು ಕಾಣುವ ಪದ ಕಂಪ್ಯೂಟರಿನ ಪಾಲಿಗೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಚಿಹ್ನೆ ಇತ್ಯಾದಿ. ಓದುವ ತಂತ್ರಾಂಶ ಅದನ್ನು ನಿಷ್ಠೆಯಿಂದ ಹಾಗೆಯೇ ಓದುತ್ತದೆ. ಸ್ಕ್ಯಾನ್ ಮಾಡಿದ ಪುಟವಾದರೆ ಅದಕ್ಕೆ ಅಕ್ಷರವೇ ಇಲ್ಲ, ಬರೀ ಚಿತ್ರ. ಲಕ್ಷಾಂತರ ರೂಪಾಯಿಯ ಕಂಪ್ಯೂಟರ್ ಕೊಠಡಿ ಇದ್ದೂ ಮಗುವಿನ ಕಿವಿಗೆ ಒಂದು ಸಾಲು ಬೀಳದಿರಲು ಇಷ್ಟು ಸಾಕು. ಟೈಪ್ ಮಾಡುವವರು ಕೀಲಿಮಣೆಯ ಆಯ್ಕೆಯನ್ನು ಯೂನಿಕೋಡ್‌ಗೆ ಬದಲಿಸಿಕೊಂಡರೆ ಫಾಂಟಿನ ತೊಂದರೆ ನೀಗುತ್ತದೆ. ಆದರೆ ಈ ಮಾತನ್ನು ಅವರಿಗೆ ಯಾರಾದರೂ ಹೇಳಬೇಕಲ್ಲ!

ಮೇಷ್ಟರ ಮಾತನ್ನು ಕೂಡಲೇ ಕನ್ನಡ ಅಕ್ಷರಕ್ಕಿಳಿಸಿ ಪರದೆಯಲ್ಲಿ ತೋರಿಸುವ ಮೊಬೈಲ್ ಆ್ಯಪ್‌ಗಳೂ ಈಗ ಇವೆ. ನಿಶ್ಶಬ್ದ ಕೊಠಡಿಯಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಗದ್ದಲದಲ್ಲಿ ಮುಗ್ಗರಿಸುತ್ತವೆ. ಮಂಡ್ಯದ ಮಾತಿನ ಧಾಟಿಯನ್ನು ಏನೆಂದು ಬರೆದುಕೊಳ್ಳುತ್ತವೋ, ಬಳಸಿಯೇ ನೋಡಬೇಕು.

ಟ್ಯಾಬ್ ಯಾರ ಕೈಗೆ?

ಆರರಲ್ಲಿ ಐದು ದಿನ ವಿಶೇಷ ಶಿಕ್ಷಕರು ಬೇರೆ ಶಾಲೆಯಲ್ಲಿರುತ್ತಾರೆ ಎಂಬ ಲೆಕ್ಕಕ್ಕೆ ಮರಳಿದರೆ ತಂತ್ರಜ್ಞಾನದ ನಿಜವಾದ ಜಾಗ ಗೋಚರಿಸುತ್ತದೆ. ಮಗುವಿನ ಕೈಗೆ ಟ್ಯಾಬ್ ಕೊಟ್ಟು ಮೂಲೆಯಲ್ಲಿ ಕೂರಿಸುವುದು ಅದರ ಅತ್ಯಂತ ಕಳಪೆ ಬಳಕೆ. ಆಗ ಮಗು ತರಗತಿಯಲ್ಲಿದ್ದೂ ತರಗತಿಯಲ್ಲಿಲ್ಲ. ಇಬ್ಬರು ಶಿಕ್ಷಕರ ನಡುವಿನ ದೂರವನ್ನು ತುಂಬಲು ಅದನ್ನು ಬಳಸುವುದು ಹೆಚ್ಚು ಲಾಭದ ಕೆಲಸ.

ನಾಲ್ಕನೆಯ ತರಗತಿಯ ಭಿನ್ನರಾಶಿ ಪಾಠವನ್ನೇ ತೆಗೆದುಕೊಳ್ಳಿ. ಸೋಮವಾರ ತರಗತಿ ಶಿಕ್ಷಕರು ಮುಂದಿನ ವಾರದ ಪುಟಗಳ ಫೋಟೊ ಕಳಿಸುತ್ತಾರೆ. ವಿಶೇಷ ಶಿಕ್ಷಕರು ಅದೇ ಲೆಕ್ಕಗಳನ್ನು ದೊಡ್ಡ ಅಕ್ಷರದಲ್ಲಿ, ಒಂದು ಪುಟಕ್ಕೆ ಎರಡರಂತೆ ಸಿದ್ಧಪಡಿಸುತ್ತಾರೆ. ಅರ್ಧ, ಕಾಲು ಎಂಬುದನ್ನು ಮುಟ್ಟಿ ತಿಳಿಯಲು ರಟ್ಟಿನ ತುಂಡುಗಳನ್ನು ಕತ್ತರಿಸುವ ಬಗೆಯನ್ನು ಎರಡು ನಿಮಿಷದ ವಿಡಿಯೊ ಮಾಡಿ ಕಳಿಸುತ್ತಾರೆ. ಗುರುವಾರ ಶಾಲೆಗೆ ಬಂದಾಗ ಇಬ್ಬರೂ ಸೇರಿ ಪಾಠ ಮಾಡುತ್ತಾರೆ. ಶುಕ್ರವಾರ ಮಗು ಎಲ್ಲಿ ತಡವರಿಸಿತು ಎಂಬ ಅರ್ಧ ನಿಮಿಷದ ಧ್ವನಿ ಸಂದೇಶ ಹೋಗುತ್ತದೆ. ಇದಕ್ಕೆ ಬೇಕಾದ ಯಂತ್ರ ಎಲ್ಲ ಶಿಕ್ಷಕರ ಜೇಬಿನಲ್ಲಿ ಆಗಲೇ ಇದೆ. ಪುಟಗಳ ಫೋಟೊ ಹಂಚಿಕೊಳ್ಳುವ ಅಭ್ಯಾಸ ಮಗುವಿನ ಫೋಟೊವರೆಗೆ ಹಬ್ಬಬಾರದು ಎಂಬ ಎಚ್ಚರ ಮಾತ್ರ ಇರಬೇಕು. ಸಲಕರಣೆ ವಿತರಣೆಯ ದಿನದ ಫೋಟೊಗಳಲ್ಲಿ ಮಕ್ಕಳ ಮುಖವೂ ಅಂಗವೈಕಲ್ಯವೂ ಊರಿಗೆಲ್ಲ ಜಾಹೀರಾಗುವುದನ್ನು ಯಾರೂ ತಪ್ಪೆಂದು ನೋಡುತ್ತಿಲ್ಲ.

ಯಾರ ವಾದ ಏನು

ತರಗತಿ ಶಿಕ್ಷಕರ ಆಕ್ಷೇಪದಲ್ಲಿ ತೂಕವಿದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರೇ ಶಿಕ್ಷಕರು, ತರಗತಿಗಳು ಐದು. ಒಬ್ಬರು ಸಮೀಕ್ಷೆಗೋ ತರಬೇತಿಗೋ ಹೋದ ದಿನ ಉಳಿದವರೇ ಪಾಠ, ಬಿಸಿಯೂಟ, ಹಾಲು, ಎಸ್‌ಎಟಿಎಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ದಾಖಲೆ) ನಮೂದು ಎಲ್ಲವನ್ನೂ ನೋಡಬೇಕು. ಒಂದು ತರಗತಿಗೇ ಒಬ್ಬರಿಲ್ಲದ ಕಡೆ ಇಬ್ಬರ ಮಾತು ಅವರ ಕಿವಿಗೆ ವ್ಯಂಗ್ಯವಾಗಿ ಕೇಳಿಸಿದರೆ ಅವರನ್ನು ದೂರುವಂತಿಲ್ಲ.

ವಿಶೇಷ ಶಾಲೆಗಳ ಪರ ಇರುವವರ ವಾದ ಬೇರೆ. ಮೈಸೂರಿನ ತಿಲಕ್‌ನಗರದ ಅಂಧ ಮತ್ತು ಕಿವುಡ ಮಕ್ಕಳ ಸರ್ಕಾರಿ ಶಾಲೆಯ ಚರಿತ್ರೆ 1901ರಿಂದ ಆರಂಭವಾಗುತ್ತದೆ. ಸರ್ಕಾರಿ ಬ್ರೈಲ್ ಮುದ್ರಣಾಲಯವೂ ಅದೇ ಬಡಾವಣೆಯಲ್ಲಿದೆ. ಸಂಜ್ಞಾ ಭಾಷೆ ಬಳಸುವ ಮಗುವಿಗೆ ಅದೇ ಭಾಷೆಯ ಗೆಳೆಯರು ಬೇಕು, ಸಂಜ್ಞೆ ಬಲ್ಲವರು ಒಬ್ಬರೂ ಇಲ್ಲದ ಊರ ಶಾಲೆಯಲ್ಲಿ ಅದು ನೂರು ಮಕ್ಕಳ ನಡುವೆ ಒಂಟಿಯಾಗುತ್ತದೆ ಎಂದು ಅವರು ಹೇಳುತ್ತಾರೆ. ಸಂಪೂರ್ಣ ಕಿವುಡುತನವಿರುವ ಮಕ್ಕಳ ಮಟ್ಟಿಗೆ ಈ ವಾದವನ್ನು ತಳ್ಳಿಹಾಕುವುದು ಕಷ್ಟ, ವಾರಕ್ಕೊಮ್ಮೆ ಬರುವ ಶಿಕ್ಷಕರು ಒಂದು ಭಾಷೆಯನ್ನು ಕೊಡಲಾರರು. ಮಂದದೃಷ್ಟಿ, ಕಲಿಕಾ ನ್ಯೂನತೆ, ಚಲನವೈಕಲ್ಯವಿರುವ ಮಕ್ಕಳಿಗೆ ಅದೇ ವಾದವನ್ನು ಎಳೆದು ತಂದರೆ ಮಾತ್ರ ಅದು ಹುಸಿಯಾಗುತ್ತದೆ. ಮಳವಳ್ಳಿಯ ಹಳ್ಳಿಯ ಮಗುವನ್ನು ಎಂಟನೇ ವಯಸ್ಸಿಗೆ ಹಾಸ್ಟೆಲಿಗೆ ಕಳಿಸುವುದೊಂದೇ ದಾರಿ ಎಂದು ಹೇಳಲಾಗದು.

ಮೂರನೆಯ ಗುಂಪು ಸಾಧನಗಳನ್ನು ಕೊಳ್ಳುವವರದು ಮತ್ತು ಮಾರುವವರದು. ಹುದ್ದೆ ಸೃಷ್ಟಿಸಿದರೆ ಸಂಬಳ, ಪಿಂಚಣಿ ಎಂದು ಮೂವತ್ತು ವರ್ಷದ ಬಾಬತ್ತು. ಟ್ಯಾಬ್ ಕೊಂಡರೆ ಒಂದೇ ಸಲದ ಖರ್ಚು, ಜೊತೆಗೆ ವಿತರಣಾ ಸಮಾರಂಭ. ಬಜೆಟ್ ಬಿಗಿಯಾದಾಗ ಯಾವುದು ಗೆಲ್ಲುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಎಣಿಕೆಗೆ ಸಿಗದವರು

ಅನುಪಾತ ನಿಂತಿರುವುದು ಮಕ್ಕಳ ಎಣಿಕೆಯ ಮೇಲೆ. ಎಣಿಕೆ ನಿಂತಿರುವುದು ಗುರುತಿಸುವಿಕೆಯ ಮೇಲೆ. ಗಾಲಿಕುರ್ಚಿ ಕಣ್ಣಿಗೆ ಕಾಣುತ್ತದೆ, ಕಲಿಕಾ ನ್ಯೂನತೆ ಕಾಣುವುದಿಲ್ಲ. 'ಬ' ಮತ್ತು 'ಭ' ನಡುವೆ ಮೂರು ವರ್ಷದಿಂದ ತಡಕಾಡುತ್ತಿರುವ ಮಗುವಿಗೆ ಶಾಲೆಯ ಭಾಷೆಯಲ್ಲಿ ದಡ್ಡ ಅಥವಾ ಸೋಮಾರಿ ಎಂಬ ಹೆಸರು ಬಿದ್ದಿರುತ್ತದೆ. ತಪಾಸಣೆ ಮಾಡಿ ಪ್ರಮಾಣಪತ್ರ ಕೊಡಬಲ್ಲವರು ದೊಡ್ಡ ಊರಿನಲ್ಲಿರುತ್ತಾರೆ. ಪ್ರಮಾಣಪತ್ರವಿಲ್ಲದ ಮಗು ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬಾರದ ಮಗುವಿನ ಹೆಸರಲ್ಲಿ ಹುದ್ದೆಯಿಲ್ಲ. ಹುದ್ದೆಯಿಲ್ಲದಿದ್ದರೆ ಮುಂದಿನ ಮಗುವನ್ನು ಗುರುತಿಸುವವರೂ ಇಲ್ಲ. ಈ ಸುತ್ತು ತಾನಾಗಿ ಕಡಿಯುವುದಿಲ್ಲ.

ಅದನ್ನು ಕಡಿಯಬಲ್ಲ ಸಂಸ್ಥೆಗಳು ಮೈಸೂರಿನಲ್ಲಿರುವಷ್ಟು ಬೇರೆ ಜಿಲ್ಲೆಗಳಲ್ಲಿ ಸಿಗುವುದು ಅಪರೂಪ. ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಶ್ರವಣದೋಷವಿರುವ ಮಕ್ಕಳಿಗೆ ಕಲಿಸುವ ಶಿಕ್ಷಕರನ್ನೂ ಅದು ತಯಾರು ಮಾಡುತ್ತದೆ. ಪಕ್ಕದಲ್ಲೇ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಸಾಮಾನ್ಯ ಶಿಕ್ಷಕರನ್ನು ತಯಾರು ಮಾಡುತ್ತದೆ. ಮುಂದೆ ಒಂದೇ ಕೊಠಡಿಯಲ್ಲಿ ನಿಲ್ಲಬೇಕಾದ ಈ ಎರಡು ಬಗೆಯ ಶಿಕ್ಷಕರು ತರಬೇತಿಯ ಕಾಲದಲ್ಲೇ ಎಚ್.ಡಿ. ಕೋಟೆಯ ಒಂದು ಶಾಲೆಯಲ್ಲಿ ಸೇರಿ ನಾಲ್ಕು ವಾರ ಪಾಠ ಮಾಡಿದರೆ, ಸುತ್ತೋಲೆಗಳಿಂದ ಆಗದ ಕೆಲಸ ಆದೀತು.

ಮುಂದೆ ಏನಾಗಬಹುದು

ಹುದ್ದೆಗಳಷ್ಟೇ ಭರ್ತಿಯಾಗಿ ಸೇರಿ ಯೋಜಿಸುವ ಸಮಯ ಸಿಗದಿದ್ದರೆ ಅಮೆರಿಕದ 2007ರ ಚಿತ್ರವೇ ಇಲ್ಲಿ ಮರುಕಳಿಸುತ್ತದೆ, ವಿಶೇಷ ಶಿಕ್ಷಕರು ಹಿಂದಿನ ಬೆಂಚಿನ ಸಹಾಯಕರಾಗುತ್ತಾರೆ. ಸಾಧನಗಳಷ್ಟೇ ಬಂದರೆ ಅವು ಬೀರು ಸೇರುತ್ತವೆ. ಎರಡೂ ಬಂದರೂ ವಿಶೇಷ ಶಿಕ್ಷಕರ ಮೇಲೆ ಗುಮಾಸ್ತಿಕೆ ಹೇರಿದರೆ ಇಂದಿನ ಬಿ.ಐ.ಇ.ಆರ್.ಟಿ.ಗಳ ಪಾಡೇ ಅವರದೂ ಆಗುತ್ತದೆ.

ಸಮಯಕ್ಕಾಗಿ ಹೊಸದೇನನ್ನೂ ಹುಟ್ಟುಹಾಕಬೇಕಾಗಿಲ್ಲ. ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರ ಸಮಾಲೋಚನಾ ಸಭೆಗಳು ಹೇಗೂ ನಡೆಯುತ್ತವೆ. ಅಲ್ಲಿ ಒಂದು ಗಂಟೆಯನ್ನು ಮುಂದಿನ ತಿಂಗಳ ಜಂಟಿ ಪಾಠಗಳಿಗೆ ಮೀಸಲಿಡಬಹುದು. ಅದು ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಪೋಷಕರು ಕಡತ ಕೇಳಬೇಕಾಗಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋದಾಗ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಒಮ್ಮೆ ನೋಡಿದರೆ ಸಾಕು: ಆ ಚೌಕಗಳಲ್ಲಿ ವಿಶೇಷ ಶಿಕ್ಷಕರ ಹೆಸರು ಎಲ್ಲಿದೆ, ಯಾವ ದಿನ, ಯಾವ ಪಾಠದ ಎದುರಿಗೆ?